ಖಾಲಿ ಕುರ್ಚಿಯ ಮುಂದೆ ಇಡುವ ಮೂರು ಮಗ್ಗುಲಿನ ಫಲಕ

ಕಚೇರಿಗೆ ಬಂದವರು ಖಾಲಿ ಕುರ್ಚಿ ನೋಡಿದ ಕೂಡಲೇ ಪಕ್ಕದ ಟೇಬಲ್ಲಿನವರನ್ನು ಕೇಳುವುದು ಒಂದೇ ಮಾತು: “ಇವ್ರು ಎಲ್ಲಿ ಹೋಗ್ಯಾರ್ರೀ?” ಸಿಗುವ ಉತ್ತರವೂ ಒಂದೇ: “ಇಲ್ಲೇ ಎಲ್ಲೋ ಹೋಗ್ಯಾರ, ಬರ್ತಾರ, ಕುಂದರ್ರಿ.” ಆ “ಇಲ್ಲೇ ಎಲ್ಲೋ” ಹತ್ತು ನಿಮಿಷವೂ ಆಗಬಹುದು, ನಾಳೆ ಮಧ್ಯಾಹ್ನವೂ ಆಗಬಹುದು. ಕುರ್ಚಿ ಬೆನ್ನಿಗೆ ಟವೆಲ್ ಹಾಕಿದ್ದರೆ, ಟೇಬಲ್ ಮೇಲೆ ಕನ್ನಡಕ ಬಿಟ್ಟಿದ್ದರೆ ಬಂದವರು ಇನ್ನೂ ಅರ್ಧ ತಾಸು ಹೆಚ್ಚಿಗೆ ಕೂರುತ್ತಾರೆ, ಅಷ್ಟೇ.

ಬಾಯಿಗೆ ಬರುವ ಪ್ರಶ್ನೆ “ಎಲ್ಲಿ” ಎಂಬುದಾದರೂ ಅವರಿಗೆ ಬೇಕಾದದ್ದು ಬೇರೆ ಎರಡು ಸಂಗತಿ. ಎಷ್ಟಕ್ಕೆ ಬರುತ್ತಾರೆ? ಅಲ್ಲಿಯವರೆಗೆ ಈ ಕೆಲಸ ಇನ್ಯಾರ ಹತ್ತಿರ ಆಗುತ್ತದೆ? ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಂದವರಿಗೆ ಹೋಗಿ ಬರುವುದೇ ಅರ್ಧ ದಿನದ ಕೆಲಸ. “ಸಾಹೇಬರು ಮೀಟಿಂಗಿನಲ್ಲಿದ್ದಾರೆ” ಎಂದು ಬರೆದಿಟ್ಟರೆ ಆ ಮಾಹಿತಿ ಇಟ್ಟುಕೊಂಡು ಅವರು ಮಾಡುವುದಾದರೂ ಏನು? ಮೀಟಿಂಗಿನ ಒಳಗೆ ಹೋಗಲಾರರು. “3 ಗಂಟೆಗೆ ಬರುತ್ತಾರೆ, ಅರ್ಜಿ ಕೊಡುವುದಿದ್ದರೆ ಟೇಬಲ್ 4” ಎಂದಿದ್ದರೆ ಊಟ ಮಾಡಿಕೊಂಡು ಬರಬಹುದು, ಅರ್ಜಿ ಕೊಟ್ಟು ಬಸ್ಸು ಹಿಡಿಯಬಹುದು. ಆದ್ದರಿಂದ ಇಲ್ಲಿ ಹೇಳುವ ಫಲಕದಲ್ಲಿ ಜಾಗಕ್ಕಿಂತ ವೇಳೆಗೂ ಟೇಬಲ್ ನಂಬರಿಗೂ ಹೆಚ್ಚು ಸ್ಥಳ.

ಸಾಮಾನ್ಯವಾಗಿ ಇಡುವ ಫಲಕಗಳು ಯಾಕೆ ಕೆಡುತ್ತವೆ ಎಂಬುದನ್ನು ಮೊದಲು ನೋಡಬೇಕು. ಬಾಗಿಲ ಹತ್ತಿರ ಎಲ್ಲರ ಹೆಸರು ಬರೆದು ತೂಗುಹಾಕುವ ಬಿಳಿ ಬೋರ್ಡು ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಮಾರ್ಕರಿನ ಮುಚ್ಚಳ ಯಾರೋ ಹಾಕಿರುವುದಿಲ್ಲ, ನಮ್ಮ ಬೇಸಿಗೆಗೆ ಅದು ಬೇಗ ಒಣಗುತ್ತದೆ. ಟೇಬಲ್ಲಿನಿಂದ ಬೋರ್ಡಿನವರೆಗೆ ನಡೆದು ಬರೆಯಬೇಕಾದ್ದರಿಂದ ಅವಸರದಲ್ಲಿ ಎದ್ದವರು ಬರೆಯುವುದಿಲ್ಲ. ಗಡಿಯಾರದ ಚಿತ್ರಕ್ಕೆ ರಟ್ಟಿನ ಮುಳ್ಳು ಕೂಡಿಸಿದ ಫಲಕವೂ ಉಂಟು. ನಡುವಿನ ಬೋಲ್ಟು ಸಡಿಲಾಯಿತೆಂದರೆ ಎರಡೂ ಮುಳ್ಳು ತಮ್ಮ ಭಾರಕ್ಕೆ ಕೆಳಗೆ ಜಾರಿ, ಸದಾ ಆರೂವರೆ ತೋರಿಸುತ್ತವೆ! ಇನ್ನು “ಊಟ, ಸಭೆ, ಕೋರ್ಟ್, ಸ್ಥಳ ಪರಿಶೀಲನೆ, ರಜೆ” ಎಂದು ಐದಾರು ಕಾರಣ ಬರೆದು ಬಾಣ ತಿರುಗಿಸುವ ಫಲಕ: ಕಾರಣ ಆರಿಸಲು ಯೋಚಿಸಬೇಕಾಗುತ್ತದೆ, ಯೋಚಿಸಬೇಕಾದದ್ದನ್ನು ಎದ್ದು ಹೋಗುವವರು ಮಾಡುವುದಿಲ್ಲ. ಆಸ್ಪತ್ರೆಗೋ ಮನೆಯ ಕೆಲಸಕ್ಕೋ ಹೋದವರು ಕಾರಣ ಹೇಳಲೂ ಬೇಕಿಲ್ಲ.

ಕೈ ಚಾಚಿ ಒಂದು ಸಲ ಉರುಳಿಸಿದರೆ ಮುಗಿಯಬೇಕು. ಅದಕ್ಕೆ ಮೂರು ಮಗ್ಗುಲಿನ ರಟ್ಟಿನ ಕೊಳವೆ ಸಾಕು, ಒಂದು ಎ4 ಹಾಳೆಯಲ್ಲಿ ಆಗುತ್ತದೆ.

ಹಾಳೆ ಅಡ್ಡಕ್ಕೆ ಇಟ್ಟುಕೊಳ್ಳಿ: ಉದ್ದ 297 ಮಿಲಿಮೀಟರ್, ಎತ್ತರ 210. ಕೆಳಗಿನಿಂದ 15 ಮಿ.ಮೀ. ಅಂಟಿಸುವ ಅಂಚು ಬಿಟ್ಟು, ಮೇಲೆ 65 ಮಿ.ಮೀ.ನ ಮೂರು ಪಟ್ಟಿ. 15 ಮತ್ತು ಮೂರು 65, ಒಟ್ಟು 210, ಚೂರೂ ಉಳಿಯುವುದಿಲ್ಲ. ಮಡಿಕೆ ಗೆರೆಗಳು ಕೆಳಗಿನಿಂದ 15, 80, 145ಕ್ಕೆ ಬರುತ್ತವೆ. ಕಾಗದ 300 ಜಿಎಸ್‌ಎಂ ಕಾರ್ಡ್ ಇರಲಿ. ಮಾಮೂಲಿ ಜೆರಾಕ್ಸ್ ಹಾಳೆ ಎರಡೇ ದಿನಕ್ಕೆ ಹೊಟ್ಟೆ ಉಬ್ಬಿ ಕೂರುತ್ತದೆ.

ಕೆಳಗಿನ ಪಟ್ಟಿಯಲ್ಲಿ “ಇದ್ದಾರೆ”, ನಡುವಿನದರಲ್ಲಿ “ಒಳಗೆ ಬೇರೆ ಕೋಣೆ”, ಮೇಲಿನದರಲ್ಲಿ “ಹೊರಗೆ”. ಮೂರನ್ನೂ ಒಂದೇ ದಿಕ್ಕಿಗೆ ನೆಟ್ಟಗೆ ಪ್ರಿಂಟ್ ಮಾಡಿಸಿ. ಮಡಿಸಿದ ಮೇಲೆ ಯಾವುದೋ ಒಂದು ತಲೆಕೆಳಗಾದೀತು ಎಂಬ ಅನುಮಾನದಿಂದ ಕೆಲವರು ಒಂದನ್ನು ತಿರುಗಿಸಿ ಹಾಕಿಸುತ್ತಾರೆ, ಕೆಡುವುದೇ ಅಲ್ಲಿ. ಒಂದೇ ದಿಕ್ಕಿಗೆ ಇದ್ದರೆ ಯಾವ ಮಗ್ಗುಲು ಎದುರಿಗೆ ಬಂದರೂ ಬಂದವರಿಗೆ ನೇರವಾಗಿ ಕಾಣುತ್ತದೆ. “ಇದ್ದಾರೆ” ಎದುರಿಗಿದ್ದಾಗ ಫಲಕವನ್ನು ತನ್ನ ಕಡೆಗೆ ಒಂದು ಮಗ್ಗುಲು ಉರುಳಿಸಿದರೆ “ಹೊರಗೆ”, ಬಂದವರ ಕಡೆಗೆ ಉರುಳಿಸಿದರೆ “ಒಳಗೆ ಬೇರೆ ಕೋಣೆ”. ಎರಡೇ ದಿನಕ್ಕೆ ಕೈಗೆ ರೂಢಿಯಾಗುತ್ತದೆ.

ಈ ಆಕಾರಕ್ಕೆ ಇನ್ನೊಂದು ಗುಣವಿದೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಮೂರು ಮಗ್ಗುಲಲ್ಲಿ ಒಂದು ನೆಲಕ್ಕೆ, ಒಂದು ಬಂದವರ ಕಡೆಗೆ, ಇನ್ನೊಂದು ಕುರ್ಚಿಯಲ್ಲಿ ಕೂತವರ ಕಡೆಗೆ ಇರುತ್ತದೆ. ಕೂತವರ ಕಡೆಯದರಲ್ಲಿ ದೊಡ್ಡ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಪಟ್ಟಿಯ ಕೆಳ ಅಂಚಿನಲ್ಲಿ ಒಂದು ಚಿಕ್ಕ ಸಾಲನ್ನು ಬೇಕೆಂದೇ ತಲೆಕೆಳಗು ಮಾಡಿ ಹಾಕಬೇಕು. “ಇದ್ದಾರೆ” ಪಟ್ಟಿಯಲ್ಲಿ “ಎದುರಿಗೆ: ಹೊರಗೆ”, “ಬೇರೆ ಕೋಣೆ” ಪಟ್ಟಿಯಲ್ಲಿ “ಎದುರಿಗೆ: ಇದ್ದಾರೆ”, “ಹೊರಗೆ” ಪಟ್ಟಿಯಲ್ಲಿ “ಎದುರಿಗೆ: ಬೇರೆ ಕೋಣೆ”. ಈ ಸಾಲು ಕೂತವರಿಗೆ ಫಲಕದ ನೆತ್ತಿಯಲ್ಲಿ ನೆಟ್ಟಗೆ ಕಾಣುತ್ತದೆ. ಫಲಕ ತಪ್ಪು ಹೇಳಲು ದೊಡ್ಡ ಕಾರಣ ಬಂದು ಕೂತವರು ತಿರುಗಿಸಲು ಮರೆಯುವುದು. ಬರೀ ಹೊರಮುಖ ಇರುವ ಫಲಕ ಏನು ಹೇಳುತ್ತಿದೆ ಎಂಬುದು ಅದರ ಯಜಮಾನನಿಗೇ ಕಾಣುವುದಿಲ್ಲ. ಇದರಲ್ಲಿ ಕೂತ ಕೂಡಲೇ ಕಣ್ಣಿಗೆ ಬೀಳುತ್ತದೆ.

65 ಮಿ.ಮೀ.ಯನ್ನು ಹಂಚುವುದು ಹೀಗೆ: ಮೇಲೆ 15 ವೇಳೆಯ ಪಟ್ಟಿಗೆ, ನಡುವೆ 35 ದೊಡ್ಡ ಅಕ್ಷರಕ್ಕೆ, ಕೆಳಗೆ 8 ಆ ತಲೆಕೆಳಗಿನ ಸಾಲಿಗೆ, ಉಳಿದದ್ದು ಸಂದುಗಳಿಗೆ. ಕನ್ನಡಕ್ಕೆ 35 ಯಾಕೆ ಬೇಕೆಂದರೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು. ಅಕ್ಷರದ ಮೈಗೆ ಉಳಿಯುವುದು ಸುಮಾರು 20. ಅಷ್ಟಿದ್ದರೆ ಎರಡು ಮೀಟರ್ ದೂರದಿಂದ ಸಲೀಸಾಗಿ ಓದಬಹುದು. ವರ್ಡ್‌ನಲ್ಲಿ ಸಾಲಿನ ಅಂತರವನ್ನು ಇಂತಿಷ್ಟೇ ಎಂದು ಕಟ್ಟಿಹಾಕಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ, “ಇದ್ದಾರೆ” ಹೋಗಿ “ಇದಾರೆ” ಆಗುತ್ತದೆ. ನುಡಿ ಫಾಂಟಿನಲ್ಲಿ ಮಾಡಿದ ಫೈಲನ್ನು ಡಿಟಿಪಿ ಅಂಗಡಿಗೆ ಹಾಗೇ ಕೊಂಡೊಯ್ಯಬೇಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಗೀಚಿದಂತೆ ಕಾಣುತ್ತದೆ. ಪಿಡಿಎಫ್ ಮಾಡಿ ಕೊಡಿ, ಪ್ರಿಂಟ್ ಮಾಡುವಾಗ ಅಳತೆ 100 ಪರ್ಸೆಂಟ್ ಇಡಲು ಹೇಳಿ. ಹಾಳೆಗೆ ಹೊಂದಿಸು ಎಂಬ ಆಯ್ಕೆ ಒತ್ತಿದರೆ ಎಲ್ಲ ಅಳತೆಯೂ ಕುಗ್ಗಿ, ಮಡಿಕೆ ಅಕ್ಷರದ ಮೇಲೆ ಬರುತ್ತದೆ.

ವೇಳೆಯ ಪಟ್ಟಿ “ಒಳಗೆ ಬೇರೆ ಕೋಣೆ”, “ಹೊರಗೆ” ಈ ಎರಡು ಮಗ್ಗುಲಿಗೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದುಂಟು, ಉಳಿದ ದಿನ 10ರಿಂದ 5.30. ಎರಡಕ್ಕೂ ಒಂದೇ ಫಲಕ ನಡೆಯಬೇಕಾದರೆ ಪಟ್ಟಿ 8ರಿಂದ 5.30ರವರೆಗೆ, ಅಂದರೆ ಒಂಬತ್ತೂವರೆ ತಾಸು ಇರಬೇಕು. ತಾಸಿಗೆ 28 ಮಿ.ಮೀ. ಹಿಡಿದರೆ 266 ಆಗುತ್ತದೆ, ಎರಡೂ ತುದಿಗೆ ಹದಿನೈದೈದು ಉಳಿಯುತ್ತದೆ. ಬಲತುದಿಯಲ್ಲಿ “ನಾಳೆ” ಎಂದೂ ಎಡತುದಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿ. ಅರ್ಧ ತಾಸಿಗೊಂದು ಗೆರೆ ಸಾಕು. ಕಾಲು ತಾಸಿನ ಲೆಕ್ಕ ಯಾರೂ ಪಾಲಿಸುವುದಿಲ್ಲ. ಅಂಕಿ 1, 2, 3 ರೂಪದಲ್ಲೇ ಇರಲಿ. ರಾಯಚೂರು, ಬಳ್ಳಾರಿ ಕಡೆ ತೆಲುಗು, ಉರ್ದು ಓದಿದವರೂ ಕಚೇರಿಗೆ ಬರುತ್ತಾರೆ, ಅವರಿಗೂ ವೇಳೆ ಮಾತ್ರ ತಿಳಿದರೆ ಅರ್ಧ ಕೆಲಸ ಆಯಿತು.

ವೇಳೆ ತೋರಿಸಲು ಫಲಕದ ಸುತ್ತ ಸರಿಯುವ ಒಂದು ಪಾರದರ್ಶಕ ಬಳೆ. ಖಾಲಿ ಲ್ಯಾಮಿನೇಷನ್ ಪೌಚನ್ನು ಯಂತ್ರದಲ್ಲಿ ಹಾಯಿಸಿ, 10 ಮಿ.ಮೀ. ಅಗಲ, 210 ಉದ್ದದ ಪಟ್ಟಿ ಕತ್ತರಿಸಿ, ಉದ್ದಕ್ಕೂ ನಡುವೆ ಕೆಂಪು ಪರ್ಮನೆಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಫಲಕಕ್ಕೆ ಸುತ್ತಿ, 10 ಮಿ.ಮೀ. ಒಂದರ ಮೇಲೊಂದು ಕೂರಿಸಿ ಟೇಪ್ ಹಾಕಿ. ಸುತ್ತಳತೆ 195, ಬಳೆ 200. ಕಾಗದದ ದಪ್ಪ ಕಳೆದರೆ ಸರಿಯಲು ಬೇಕಾದಷ್ಟೇ ಸಡಿಲ ಉಳಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ಸುಲಭವಲ್ಲವೇ ಎನ್ನಬಹುದು. ನಮ್ಮ ಸೆಖೆಗೆ ಅದು ಅಂಟಂಟಾಗಿ, ಆಮೇಲೆ ಒಣಗಿ ತುಂಡಾಗುತ್ತದೆ. ರಟ್ಟಿನ ಬಳೆ ಬೇಡ, ತೋರಿಸಬೇಕಾದ ಅಂಕಿಯನ್ನೇ ಮುಚ್ಚುತ್ತದೆ.

“ಹೊರಗೆ” ಮಗ್ಗುಲಿನ ಬಲಕ್ಕೆ “ಕೆಲಸಕ್ಕೆ: ಟೇಬಲ್ 4” ಎಂದು ಬರಲಿ. ಹೆಸರು ಬೇಡ, ನಂಬರೇ ಇರಲಿ. ವರ್ಗಾವಣೆಯಾದಾಗ ಹೆಸರು ಬದಲಾಗುತ್ತದೆ, ಟೇಬಲ್ ಅಲ್ಲೇ ಇರುತ್ತದೆ. ಹಾಗೆಂದ ಮೇಲೆ ಪ್ರತಿ ಟೇಬಲ್ಲಿನ ಮುಂಭಾಗಕ್ಕೆ ಅಂಗೈಯಗಲದ ನಂಬರ್ ಅಂಟಿಸಿರಬೇಕು, ಇಲ್ಲದಿದ್ದರೆ “ಟೇಬಲ್ 4 ಯಾವುದ್ರೀ?” ಎಂದು ಪಕ್ಕದವರನ್ನೇ ಮತ್ತೆ ಕೇಳುತ್ತಾರೆ. ಬಂದವರಲ್ಲಿ ಬಹಳ ಮಂದಿಯ ಕೆಲಸ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದಷ್ಟೇ ಆಗಿದ್ದರೆ ಅಲ್ಲಿ ಟಪಾಲು ಶಾಖೆಯ ನಂಬರ್ ಹಾಕುವುದು ಮೇಲು. ಓದು ಬಾರದವರಿಗೆ ಎಡಮೂಲೆಯಲ್ಲಿ ಚಿತ್ರ: “ಇದ್ದಾರೆ” ಮಗ್ಗುಲಿಗೆ ಕುರ್ಚಿಯಲ್ಲಿ ಕೂತ ಮನುಷ್ಯ, “ಹೊರಗೆ” ಮಗ್ಗುಲಿಗೆ ಬರೀ ಕುರ್ಚಿ. ಹಸಿರು, ಕೆಂಪು ಎಂದು ಬಣ್ಣವನ್ನೇ ನಂಬಬೇಡಿ. ಒಂದು ಬಿಳಿ ಮೇಲೆ ಕಪ್ಪಕ್ಷರ, ಇನ್ನೊಂದು ಕಪ್ಪು ಮೇಲೆ ಬಿಳಿಯಕ್ಷರ ಮಾಡಿದರೆ ಬಾಗಿಲಿಂದಲೇ ವ್ಯತ್ಯಾಸ ತಿಳಿಯುತ್ತದೆ. “ಇದ್ದಾರೆ” ಮಗ್ಗುಲಿನ ಖಾಲಿ ಜಾಗದಲ್ಲಿ ಆ ಟೇಬಲ್ಲಿನ ವಿಷಯ ಬರೆಯಿಸಿ, ಪಿಂಚಣಿಯೋ ಪಹಣಿ ತಿದ್ದುಪಡಿಯೋ.

ಜೋಡಿಸುವಾಗ ಎರಡು ಕಡೆ ಎಡವುತ್ತಾರೆ. ಮಡಿಸುವ ಮೊದಲು ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದರೆ ಫೆವಿಕಾಲ್ ಹಿಡಿಯುವುದಿಲ್ಲ. ಅದು ನೀರು ಹೀರುವ ಕಾಗದಕ್ಕೆ, ಕಟ್ಟಿಗೆಗೆ. ಅಂಟಿಸುವ ಅಂಚಿಗೆ ಎರಡೂ ಕಡೆ ಅಂಟಿರುವ ಟೇಪ್ ಹಾಕಿ, ಎರಡೂ ತುದಿಗೆ ಒಂದೊಂದು ಸ್ಟೇಪಲ್ ಹೊಡೆಯಿರಿ. ಬರೀ ಟೇಪ್ ಆದರೆ ಮೇ ತಿಂಗಳ ಬಿಸಿಗೆ ಜಾರುತ್ತದೆ. ಎರಡನೆಯದು ಮಡಿಕೆ. ಲ್ಯಾಮಿನೇಟ್ ಆದ ಹಾಳೆಯನ್ನು ನೇರವಾಗಿ ಮಡಿಸಿದರೆ ಗೆರೆ ಸೊಟ್ಟಗಾಗುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಎರಡು ಸಲ ಒತ್ತಿ ಎಳೆದು ಆಮೇಲೆ ಮಡಿಸಿ.

ಫ್ಯಾನ್ ಗಾಳಿಗೆ ಖಾಲಿ ಕೊಳವೆ ನಿಲ್ಲುವುದಿಲ್ಲ. ಒಂದಿಂಚಿನ ಪಿವಿಸಿ ಪೈಪನ್ನು 28 ಸೆಂಟಿಮೀಟರ್ ಕತ್ತರಿಸಿ, ಒಣ ಮರಳು ತುಂಬಿ, ಎರಡೂ ಬಾಯಿಗೆ ಟೇಪ್ ಬಿಗಿದು ಒಳಗೆ ತೂರಿಸಿ. 65 ಮಿ.ಮೀ. ಮಗ್ಗುಲಿನ ತ್ರಿಕೋನದೊಳಗೆ 37 ಮಿ.ಮೀ. ದಪ್ಪದ ಪೈಪಿನವರೆಗೆ ಹಿಡಿಯುತ್ತದೆ, ಒಂದಿಂಚಿನದು ಸಲೀಸಾಗಿ ಕೂರುತ್ತದೆ. ಸಂದಿಗೆ ಹಳೆ ಪೇಪರ್ ತುರುಕಿದರೆ ಗಡಗಡ ಎನ್ನುವುದಿಲ್ಲ. ಪೈಪಿನ ಬಾಯಿಗೆ ಟೇಪ್ ಹಾಕಲು ಮರೆತವರ ಫೈಲುಗಳ ಮೇಲೆ ಮರಳು ಬಿದ್ದಿರುತ್ತದೆ.

ಇಡುವ ಜಾಗ ಟೇಬಲ್ಲಿನ ಮುಂದಿನ ಅಂಚು, ಒಂದು ಮೂಲೆಗೆ. ನಡುವೆ ಇಟ್ಟರೆ ಬಂದವರು ಅದರ ಮೇಲೇ ಅರ್ಜಿ ಹರಡುತ್ತಾರೆ. ಅದರ ಮುಂದೆ ಕಡತದ ಕಟ್ಟು ಇಡಬಾರದು, ಎತ್ತರ ಐದೂವರೆ ಸೆಂಟಿಮೀಟರ್ ಮಾತ್ರ.

ಇನ್ನು ಬಳಸುವ ಕ್ರಮ. ಸಂಜೆ ಕಚೇರಿ ಮುಚ್ಚುವಾಗ ಎಲ್ಲ ಫಲಕವೂ “ಹೊರಗೆ” ಮಗ್ಗುಲಿಗೆ ಬರಬೇಕು, ಬಳೆ ಮರುದಿನ ಕಚೇರಿ ತೆರೆಯುವ ವೇಳೆಗೆ. ಬೆಳಿಗ್ಗೆ ಬಂದವರು ತಾವೇ “ಇದ್ದಾರೆ” ಮಾಡಿಕೊಳ್ಳುತ್ತಾರೆ. ಮರೆತರೂ ಹಾನಿಯಿಲ್ಲ: ಮನುಷ್ಯ ಕೂತಿದ್ದು ಫಲಕ “ಹೊರಗೆ” ಎಂದರೆ ಯಾರೂ ಮೋಸ ಹೋಗುವುದಿಲ್ಲ. ಖಾಲಿ ಕುರ್ಚಿ ಮುಂದೆ “ಇದ್ದಾರೆ” ಎಂದಿದ್ದರೆ ಮಾತ್ರ ಬಂದವರು ತಾಸುಗಟ್ಟಲೆ ಕಾಯುತ್ತಾರೆ. ಇದೇ ಕಾರಣಕ್ಕೆ ಪಕ್ಕದ ಟೇಬಲ್ಲಿನವರು ಇನ್ನೊಬ್ಬರ ಫಲಕವನ್ನು “ಹೊರಗೆ” ಮಾಡಬಹುದು, “ಇದ್ದಾರೆ” ಎಂದು ಎಂದೂ ಮಾಡಬಾರದು. ಎಷ್ಟಕ್ಕೆ ಬರುತ್ತಾರೆಂದು ಗೊತ್ತಿಲ್ಲದಿದ್ದರೆ ಬಳೆಯನ್ನು ಪ್ರಶ್ನಾರ್ಥಕಕ್ಕೆ ಸರಿಸಿದರಾಯಿತು.

ವೇಳೆ ಇಡುವಾಗ ನಿಮಗನಿಸಿದ್ದಕ್ಕೆ ಅರ್ಧ ತಾಸು ಸೇರಿಸಿ ಮುಂದಿನ ಗೆರೆಗೆ ಸರಿಸಿ. ಮೂರೂವರೆ ಎಂದು ಮೂರಕ್ಕೆ ಬಂದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. “ಒಳಗೆ ಬೇರೆ ಕೋಣೆ” ಮಗ್ಗುಲು ಅರ್ಧ ತಾಸಿನ ಕೆಲಸಕ್ಕೆ ಮಾತ್ರ: ರೆಕಾರ್ಡ್ ರೂಮು, ಸಾಹೇಬರ ಕೋಣೆ, ಜೆರಾಕ್ಸ್. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಕಟ್ಟಡದೊಳಗೇ ಇದ್ದರೂ “ಹೊರಗೆ” ಎಂದೇ ಇಡಿ. ಬಿಟ್ಟರೆ ಆ ಮಗ್ಗುಲು “ಇಲ್ಲೇ ಎಲ್ಲೋ ಹೋಗ್ಯಾರ” ಎಂಬುದರ ಅಚ್ಚಾದ ರೂಪ ಆಗಿಬಿಡುತ್ತದೆ. ಎರಡು ದಿನ ಮೀರಿದ ರಜೆಗೆ ಈ ಫಲಕ ಸಾಲದು, ರಜೆಯ ತಾರೀಖು ಮತ್ತು ಪ್ರಭಾರ ಯಾರ ಟೇಬಲ್ಲಿಗೆ ಎಂದು ಬರೆದ ಹಾಳೆ ಅಂಟಿಸಿ.

ಚಲನವಲನ ವಹಿ ಇರುವಾಗ ಇದೇಕೆ ಎಂದು ಕೇಳುವವರುಂಟು. ವಹಿ ಇರುವುದು ಮೇಲಧಿಕಾರಿಗೆ: ಹೊರಟ ವೇಳೆ, ಉದ್ದೇಶ, ಮರಳಿದ ವೇಳೆ, ಸಹಿ. ಅರ್ಜಿ ಹಿಡಿದು ನಿಂತವರಿಗೆ ಅದು ಕಾಣುವುದಿಲ್ಲ. ಫಲಕ ಇಟ್ಟೆವೆಂದು ವಹಿ ಬರೆಯುವುದನ್ನು ಬಿಡಲಾಗದು. ಸಿಬ್ಬಂದಿಯ ನಿಜವಾದ ಅಳುಕು ಬೇರೆ: “ಹೊರಗೆ ಅಂತ ಇಟ್ರ ಫೋಟೊ ಹೊಡದು ವಾಟ್ಸಾಪ್‌ಗೆ ಹಾಕ್ತಾರ.” ಖಾಲಿ ಕುರ್ಚಿಯ ಫೋಟೊ ಹೇಗೂ ತೆಗೆಯುತ್ತಾರೆ. ಅದೇ ಚೌಕಟ್ಟಿನಲ್ಲಿ ಮರಳುವ ವೇಳೆ, ಬದಲಿ ಟೇಬಲ್ಲಿನ ನಂಬರ್ ಕಂಡರೆ ಮತ್ತು ವಹಿಯಲ್ಲಿ ಅದೇ ವೇಳೆಯ ನಮೂದು ಇದ್ದರೆ ಉತ್ತರ ಕೊಡುವುದು ಸುಲಭ. ಎರಡರಲ್ಲೂ ಬೇರೆ ಬೇರೆ ವೇಳೆ ಇದ್ದರೆ ಮಾತ್ರ ಕಷ್ಟ, ಆದ್ದರಿಂದ ವಹಿ ಬರೆದು ಬಂದು ಬಳೆ ಸರಿಸಿ.

ಇಡೀ ಕಚೇರಿಗೆ ಒಮ್ಮೆಲೇ ಮಾಡಿಸಬೇಡಿ. ಜನ ಹೆಚ್ಚು ಬರುವ ಎರಡು ಟೇಬಲ್ಲಿಗೆ ಮಾಡಿ ಹದಿನೈದು ದಿನ ನೋಡಿ. ಬಳೆ ಸದಾ ಒಂದೇ ಕಡೆ ನಿಂತಿದ್ದರೆ ಒಮ್ಮೆ ಸರಿಸಿ ನೋಡಿ: ಬಿಗಿಯಾಗಿದ್ದರೆ ಹೊಸ ಪಟ್ಟಿಯನ್ನು ಎರಡು ಮಿ.ಮೀ. ಸಡಿಲ ಮಾಡಿ ಸುತ್ತಿ, ಸಲೀಸಾಗಿ ಸರಿದರೆ ಆ ಟೇಬಲ್ಲಿನವರ ಜೊತೆ ಮಾತಾಡಿ.