ಮ್ಯೂನಿಕ್‌ನಿಂದ ಪ್ರಾಗ್‌ಗೆ ಒಬ್ಬರೇ: ಜರ್ಮನಿಯಲ್ಲಿ ಓದುತ್ತಿರುವವರಿಗೆ ಕಡಿಮೆ ಖರ್ಚಿನ ದಾರಿ

ಮ್ಯೂನಿಕ್‌ನಿಂದ ಪ್ರಾಗ್‌ಗೆ ಅತಿ ಅಗ್ಗದ ಟಿಕೆಟ್ ಹುಡುಕಿದರೆ ಸಾಮಾನ್ಯವಾಗಿ ರಾತ್ರಿ ಬಸ್ಸೇ ಮೊದಲು ಕಾಣುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ದಾರಿ ಇರುವುದು ಹೆಚ್ಚುಕಡಿಮೆ ಐದು ಗಂಟೆ ಮಾತ್ರ. ರಾತ್ರಿ ಹನ್ನೊಂದೂವರೆಗೆ ಹೊರಟ ಬಸ್ಸು ನಾಲ್ಕೂವರೆಗೆಲ್ಲ ನಿಮ್ಮನ್ನು ಫ್ಲೋರೆಂಟ್ಸ್ ಬಸ್ ನಿಲ್ದಾಣದಲ್ಲಿ ಇಳಿಸಿರುತ್ತದೆ. ಹಾಸ್ಟೆಲ್‌ನಲ್ಲಿ ಹಾಸಿಗೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಅಲ್ಲಿಯವರೆಗೆ ಲಾಕರ್, ಕಾಫಿ, ತಿಂಡಿ, ಕೂರಲಿಕ್ಕೆಂದೇ ಇನ್ನೊಂದು ಕಾಫಿ ಅಂತ ದುಡ್ಡು ಹೋಗುತ್ತದೆ. ನಿದ್ದೆಗೆಟ್ಟ ತಲೆಯಲ್ಲಿ ಆ ದಿನ ಏನನ್ನು ನೋಡಿದರೂ ಮನಸ್ಸಿಗೆ ಇಳಿಯುವುದಿಲ್ಲ. ಇಬ್ಬರು ಮೂವರಿದ್ದರೆ ಒಬ್ಬರು ಬ್ಯಾಗ್ ಕಾಯುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಬಹುದು. ಒಬ್ಬರೇ ಹೋದಾಗ ಆ ಅನುಕೂಲವಿಲ್ಲ. ಹಾಗಾಗಿ ಟಿಕೆಟ್ಟಿನ ಬೆಲೆಗಿಂತ ಮೊದಲು ನೋಡಬೇಕಾದ್ದು ಎರಡು: ಎಷ್ಟು ಗಂಟೆಗೆ ಇಳಿಸುತ್ತಾರೆ, ಎಲ್ಲಿ ಇಳಿಸುತ್ತಾರೆ.

'ಎಲ್ಲಿ' ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟುಟ್‌ಗಾರ್ಟ್‌ನ ದೂರಪ್ರಯಾಣದ ಬಸ್ ನಿಲ್ದಾಣ ಇರುವುದು ಊರಾಚೆ ವಿಮಾನ ನಿಲ್ದಾಣದ ಹತ್ತಿರ, ಅಲ್ಲಿಂದ ಊರೊಳಗೆ ಎಸ್-ಬಾನ್ ಎಂಬ ನಗರ ರೈಲಿನಲ್ಲಿ ಅರ್ಧ ಗಂಟೆ. ಮ್ಯೂನಿಕ್‌ನ ಬಸ್ ನಿಲ್ದಾಣ ಮುಖ್ಯ ರೈಲು ನಿಲ್ದಾಣದಲ್ಲಿಲ್ಲ, ಒಂದು ಸ್ಟಾಪ್ ಆಚೆ ಹ್ಯಾಕರ್‌ಬ್ರ್ಯೂಕೆಯಲ್ಲಿದೆ. ಅಗ್ಗದ ವಿಮಾನಗಳ ಕಥೆಯೂ ಇದೇ. 'ಮ್ಯೂನಿಕ್ ವೆಸ್ಟ್' ಅಂತ ಮಾರುವ ಮೆಮ್ಮಿಂಗನ್ ಮ್ಯೂನಿಕ್‌ನಿಂದ ಸುಮಾರು 110 ಕಿ.ಮೀ. ದೂರ. ಫ್ರಾಂಕ್‌ಫರ್ಟ್-ಹಾನ್ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ಮೇಲಾಗಿ ಕೆಲವು ಅಗ್ಗದ ವಿಮಾನಗಳಲ್ಲಿ ನಮ್ಮಂತೆ ಯುರೋಪಿನ ಪಾಸ್‌ಪೋರ್ಟ್ ಇಲ್ಲದವರು, ಲಗೇಜ್ ಇಲ್ಲದಿದ್ದರೂ, ಸೆಕ್ಯುರಿಟಿಗೆ ಮುಂಚೆ ಕೌಂಟರ್‌ಗೆ ಹೋಗಿ ದಾಖಲೆ ಪರಿಶೀಲನೆ ಮಾಡಿಸಿಕೊಳ್ಳಬೇಕು. ಅದನ್ನು ಬಿಟ್ಟು ನೇರವಾಗಿ ಗೇಟ್‌ಗೆ ಹೋದರೆ ಹತ್ತಿಸಿಕೊಳ್ಳದೆ ವಾಪಸ್ ಕಳಿಸಬಹುದು.

ಹೋಗಬೇಕಾದ್ದು ಹಗಲು ರೈಲಿನಲ್ಲಿ, ಡಾಯ್ಚ್‌ಲಾಂಡ್ ಟಿಕೆಟ್ ಹಿಡಿದು. 2023ರ ಮೇನಲ್ಲಿ 49 ಯೂರೋಗೆ ಶುರುವಾದ ಈ ಮಾಸಿಕ ಪಾಸ್ 2025ರ ಜನವರಿಯಲ್ಲಿ 58, 2026ರ ಜನವರಿಯಲ್ಲಿ 63 ಆಯಿತು. ಅನೇಕ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಟಿಕೆಟ್ ಇದೇ ಪಾಸಿನ ಅಗ್ಗದ ರೂಪ. ಬೇರೆಯದನ್ನು ಕೊಳ್ಳುವ ಮೊದಲು ನಿಮ್ಮ ಶುಲ್ಕದಲ್ಲೇ ಅದು ಸೇರಿದೆಯಾ ನೋಡಿಕೊಳ್ಳಿ. ವೀಸಾಗೆಂದು ಮೊದಲೇ ದುಡ್ಡಿಟ್ಟ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಬರುವ 992 ಯೂರೋದಲ್ಲಿ ಬಾಡಿಗೆ, ಇನ್ಶೂರೆನ್ಸ್ ಕಳೆದ ಮೇಲೆ ಇಂಥ ಸಣ್ಣ ಮೊತ್ತಗಳೇ ಪ್ರವಾಸ ಆಗುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು. ವಿಶ್ವವಿದ್ಯಾಲಯದ ಹೊರಗೆ ಕೊಂಡರೆ ಈ ಪಾಸ್ ಚಂದಾ ಲೆಕ್ಕ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಖಾತೆಯಿಂದ ಹೋಗುತ್ತದೆ.

ಈ ಪಾಸ್ ಆರ್‌ಇ, ಆರ್‌ಬಿ ಎಂಬ ರೀಜನಲ್ ರೈಲು, ಎಸ್-ಬಾನ್, ಊರೊಳಗಿನ ಬಸ್, ಟ್ರಾಮ್, ಮೆಟ್ರೋಗಳಲ್ಲಿ ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರಪ್ರಯಾಣದ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಮ್ಯೂನಿಕ್‌ನಿಂದ ರೇಗನ್ಸ್‌ಬುರ್ಗ್, ಶ್ವಾಂಡೋರ್ಫ್ ಮೇಲೆ ನೇರ ಪ್ರಾಗ್‌ಗೆ ಹೋಗುವ ರೈಲು ಅಲೆಕ್ಸ್. ಬದಲಾಯಿಸದೆ ಸುಮಾರು ಐದೂವರೆ ಆರು ಗಂಟೆ. ಇದು ಆರ್‌ಇ ವರ್ಗದ್ದಾದ್ದರಿಂದ ಗಡಿಯ ಫುರ್ತ್ ಇಮ್ ವಾಲ್ಡ್‌ವರೆಗೆ ಪಾಸ್ ಸಾಕು. ಅಲ್ಲಿಂದಾಚೆಗೆ ಚೆಕ್ ರೈಲ್ವೆಯ ಟಿಕೆಟ್ ಬೇಕು.

ಎಡವುವುದು ಇಲ್ಲೇ. ಗಡಿ ದಾಟಿದ ಮೇಲಿನ ಮೊದಲ ದೊಡ್ಡ ನಿಲ್ದಾಣ ದೊಮಾಜ್ಲಿತ್ಸೆ ಅಂತ ಮ್ಯಾಪ್ ನೋಡಿ, ಅಲ್ಲಿಂದ ಪ್ರಾಗ್‌ಗೆ ಟಿಕೆಟ್ ಮಾಡಿಸಿದರೆ ಫುರ್ತ್‌ನಿಂದ ದೊಮಾಜ್ಲಿತ್ಸೆವರೆಗಿನ ತುಂಡಿಗೆ ನಿಮ್ಮಲ್ಲಿ ಟಿಕೆಟ್ಟೇ ಇರುವುದಿಲ್ಲ. ಪಾಸ್ ಒಂದು ಕಡೆ ಮುಗಿದಿರುತ್ತದೆ, ಚೆಕ್ ಟಿಕೆಟ್ ಇನ್ನೂ ಶುರುವಾಗಿರುವುದಿಲ್ಲ, ನೀವು ರೈಲೊಳಗೆ ಕೂತಿರುತ್ತೀರಿ. ಟಿಕೆಟ್ ಫುರ್ತ್‌ನಿಂದಲೇ ಶುರುವಾಗಬೇಕು, ಹತ್ತುವ ಮುಂಚೆ ಆ್ಯಪ್‌ನಲ್ಲಿ ಕೊಂಡಿರಬೇಕು. ಗಡಿಯ ಕಾಡಿನ ನಡುವೆ ನೆಟ್‌ವರ್ಕ್ ನಂಬಬೇಡಿ. ಚೆಕ್ ದೇಶದೊಳಗಿನ ಪ್ರಯಾಣಕ್ಕೆ 18ರಿಂದ 26ರೊಳಗಿನ ವಿದ್ಯಾರ್ಥಿಗಳಿಗೆ ಐಸಿಕ್ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಾರ್ಡ್ ಮೇಲೆ ಅರ್ಧ ದರ. ಜರ್ಮನ್ ವಿಶ್ವವಿದ್ಯಾಲಯದ ಐಡಿ ಕಾರ್ಡ್ ಒಂದನ್ನೇ ತೋರಿಸಿದರೆ ಅದು ಸಿಗುವುದಿಲ್ಲ.

ಶುಕ್ರವಾರ ಸಂಜೆ ಈ ರೈಲು ಕಿಕ್ಕಿರಿದಿರುತ್ತದೆ. ರೇಗನ್ಸ್‌ಬುರ್ಗ್‌ವರೆಗೆ ನಿಂತು ಹೋದರೂ ಅಂಥ ತೊಂದರೆಯೇನಿಲ್ಲ. ಅಲ್ಲಿ ಸಾಕಷ್ಟು ಜನ ಇಳಿಯುತ್ತಾರೆ, ಆಮೇಲೆ ಕಿಟಕಿ ಸೀಟು ಸಿಕ್ಕೀತು. ಆದರೆ ಬವೇರಿಯಾದ ಎಷ್ಟೋ ರೀಜನಲ್ ರೈಲುಗಳು ನಡುದಾರಿಯಲ್ಲಿ ಇಬ್ಭಾಗವಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ರೈಲಿನ ನಂಬರ್ ಸರಿ ಇದ್ದರೆ ಸಾಲದು, ನೀವು ಕೂತ ಬೋಗಿಯ ಬೋರ್ಡ್‌ನಲ್ಲಿ 'ಪ್ರಾಹಾ' (ಪ್ರಾಗ್‌ನ ಚೆಕ್ ಹೆಸರು) ಅಂತ ಇದೆಯಾ ನೋಡಿ. ಮೈಕ್‌ನಲ್ಲಿ 'ತ್ಸುಗ್‌ಟೈಲುಂಗ್' (ರೈಲು ಇಬ್ಭಾಗವಾಗುವುದು) ಎಂಬ ಮಾತು ಕಿವಿಗೆ ಬಿದ್ದರೆ ಪಕ್ಕದವರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಪಾಸ್ ಇರುವುದು ಫೋನಿನಲ್ಲಿ. ಚಾರ್ಜ್ ಹೋದರೆ ಟಿಕೆಟ್ ಇಲ್ಲ ಅಂತಲೇ ಲೆಕ್ಕ, 60 ಯೂರೋ ದಂಡದ ಚೀಟಿ ಬರೆಯುತ್ತಾರೆ. ಪಾಸ್ ನಿಮ್ಮ ಹೆಸರಿನದ್ದೇ ಆದ್ದರಿಂದ ಆಮೇಲೆ ಸಾಮಾನ್ಯವಾಗಿ ಎರಡು ವಾರದೊಳಗೆ ತೋರಿಸಿದರೆ ಅದು 7 ಯೂರೋಗೆ ಇಳಿಯುತ್ತದೆ. ಹೆದರಿ ಅಲ್ಲೇ ಪೂರ್ತಿ ಕಟ್ಟಬೇಡಿ.

ಇನ್ನು ದಾಖಲೆ. ಜರ್ಮನಿಯ ಡಿ (ದೀರ್ಘಾವಧಿ) ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್ ಇದ್ದರೆ ಚೆಕ್ ಸೇರಿ ಬೇರೆ ಶೆಂಗನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಆದರೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಅಸಲಿ ಜೊತೆಯಲ್ಲಿರಬೇಕು. ಫೋನಿನ ಫೋಟೋ, ಜೆರಾಕ್ಸ್ ನಡೆಯುವುದಿಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನೆಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ವಾಪಸ್ ಬರುವಾಗ ಬಸ್ಸನ್ನು ಬದಿಗೆ ನಿಲ್ಲಿಸಿ ಒಬ್ಬೊಬ್ಬರದೇ ಪಾಸ್‌ಪೋರ್ಟ್ ನೋಡುವುದು ಮಾಮೂಲಿ.

ಕಾರ್ಡ್ ನವೀಕರಣಕ್ಕೆ ಕೊಟ್ಟು ಫಿಕ್ಟಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಕಾಗದದ ಮೇಲೆ ಇರುವವರು ಹೊರಡುವ ಮುಂಚೆ ಅದರೊಳಗೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಬೇಕು. ಜರ್ಮನಿಯ ರೆಸಿಡೆನ್ಸ್ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಧಿಯ ಸಾಲಿಗೆ ಗುರುತಿದ್ದರೆ ಹಳೇ ಕಾರ್ಡ್ ಹಾಗೂ ಪಾಸ್‌ಪೋರ್ಟ್ ಜೊತೆ ಜರ್ಮನಿಗೆ ಮರಳಬಹುದು. 3ನೇ ಉಪವಿಧಿಯದ್ದಾದರೆ ದೇಶ ಬಿಟ್ಟು ಹೋಗಲೇಬೇಡಿ. ವಿಸಿಟಿಂಗ್ ಕಾರ್ಡಿನಷ್ಟು ಕಿರಿದಾದ ಜಾಗದಲ್ಲಿರುವ ಆ ಒಂದು ಗುರುತಿನ ಮೇಲೆ ನಿಮ್ಮ ಸೆಮಿಸ್ಟರ್ ನಿಂತಿದೆ. ಸರ್ಕಾರಿ ಆರೋಗ್ಯ ವಿಮೆ ಇದ್ದವರ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಹೆಲ್ತ್ ಕಾರ್ಡ್, ಚೆಕ್ ದೇಶದಲ್ಲೂ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಖಾಸಗಿ ವಿಮೆಯವರು ತಮ್ಮ ಪಾಲಿಸಿ ಓದಿಕೊಂಡು ಹೊರಡಿ.

ಪ್ರಾಗ್‌ನಲ್ಲಿ ದುಡ್ಡು ಕಳೆಯುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಕರೆನ್ಸಿ ಬದಲಾವಣೆ. ಒಂದು ಯೂರೋಗೆ ಸುಮಾರು 24-25 ಕೊರುನಾ. ಪೇಟೆಯ ನಡುವೆ '0% ಕಮಿಷನ್' ಅಂತ ದೊಡ್ಡದಾಗಿ ಬರೆದು, ಮಾರುವ ದರವನ್ನು ಎದ್ದುಕಾಣುವಂತೆ ಹಾಕಿ, ನಿಮ್ಮಿಂದ ಕೊಳ್ಳುವ ದರವನ್ನು ಮೂಲೆಗೆ ತಳ್ಳಿರುವ ಅಂಗಡಿಗಳಿವೆ. 18ರ ದರದಲ್ಲಿ ನೂರು ಯೂರೋ ಬದಲಾಯಿಸಿದರೆ 600 ಕೊರುನಾ ಹೋಯಿತು. ಅಂದರೆ ಮೂರ್ನಾಲ್ಕು ಊಟದ ದುಡ್ಡು. ಮೋಸ ಹೋದರೂ ದಾರಿಯಿದೆ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಚೆಕ್ ಕಾನೂನಿನಂತೆ 1000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಅದೇ ಅಂಗಡಿಗೆ ಹೋಗಿ ಕೇಳಿ. ಬೀದಿಯಲ್ಲಿ 'ಒಳ್ಳೇ ರೇಟ್ ಕೊಡ್ತೀನಿ' ಅಂತ ಬರುವವರು ಬೇರೆ ದೇಶದ ಹಳೇ ನೋಟು ಕೊಟ್ಟು ಹೋಗುತ್ತಾರೆ, ಅವರ ಹತ್ತಿರ ನಿಲ್ಲಲೂಬೇಡಿ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಮಷಿನ್ 'ಯೂರೋದಲ್ಲೋ ಕೊರುನಾದಲ್ಲೋ' ಅಂತ ಕೇಳಿದರೆ ಕೊರುನಾ ಒತ್ತಿ. ಯೂರೋ ಒತ್ತಿದರೆ ದರ ಹಾಕುವವರು ಆ ಮಷಿನ್‌ನವರು, ನಿಮ್ಮ ಬ್ಯಾಂಕ್ ಅಲ್ಲ. ಶೌಚಾಲಯಕ್ಕೆ ಮಾತ್ರ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ.

ಎರಡನೆಯದು ಓಲ್ಡ್ ಟೌನ್ ಸ್ಕ್ವೇರ್‌ನ ತಿಂಡಿ ಮಳಿಗೆಗಳು. ಬೋರ್ಡ್‌ನ ಬೆಲೆ ಒಂದು ತಟ್ಟೆಗಲ್ಲ, 100 ಗ್ರಾಂಗೆ. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹ್ಯಾಮ್ ಮಾತ್ರವಲ್ಲ, ಆಲೂಗಡ್ಡೆ-ಕೋಸಿನ ಬಾಣಲೆಗೂ ಕೆಲವೆಡೆ ಇದೇ ಲೆಕ್ಕ. ಬಡಿಸುವವರು ಅವರು, ತಟ್ಟೆ ತುಂಬ ಹಾಕಿ ತಕ್ಕಡಿಗಿಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ. ತಿನ್ನಲೇಬೇಕಿದ್ದರೆ ಬಡಿಸುವ ಮುಂಚೆ '150 ಗ್ರಾಂ' ಅಂತ ಗಟ್ಟಿಯಾಗಿ ಹೇಳಿ.

ಅದೇ ಚೌಕದಿಂದ ಎರಡು ಮೂರು ನಿಮಿಷ ನಡೆದರೆ, ಟೀನ್ ಚರ್ಚಿನ ಹಿಂದೆ ಟೀನ್‌ಸ್ಕಾ ಬೀದಿಯ ಒಳಂಗಳದಲ್ಲಿ ಧಾಬಾ ಬಿಯಾಸ್ ಇದೆ. ಪೂರ್ತಿ ಸಸ್ಯಾಹಾರಿ, ಉತ್ತರ ಭಾರತದ ಶೈಲಿ, ಊರಿನಲ್ಲಿ ಇನ್ನೂ ಕೆಲವು ಶಾಖೆಗಳಿವೆ. ಇಲ್ಲೂ ಲೆಕ್ಕ 100 ಗ್ರಾಂಗೇ. ಆದರೆ ಬಡಿಸಿಕೊಳ್ಳುವುದು ನೀವೇ, ತಕ್ಕಡಿ ನಿಮ್ಮ ಕಣ್ಣೆದುರಿಗೇ, ದರ ಗೋಡೆಯ ಮೇಲೆ. ಅನ್ನ, ಬೇಳೆ, ಎರಡು ಮೂರು ಬಗೆ ಪಲ್ಯ, ಸಲಾಡ್. ಬೇಳೆಯ ನೀರು ತೂಕ ಎಳೆಯುತ್ತದೆ, ಅದಕ್ಕೆ ಸೌಟನ್ನು ತಳಕ್ಕೆ ಬಿಟ್ಟು ಗಟ್ಟಿ ಬೇಳೆ ಎತ್ತಿಕೊಳ್ಳಿ. ಅನ್ನ ಅರ್ಧ ಸೌಟು ಸಾಕು. 400 ಗ್ರಾಂ ಒಬ್ಬರಿಗೆ ಹೊಟ್ಟೆ ತುಂಬ ಊಟ. ಮೊದಲು ಸ್ವಲ್ಪ ಹಾಕಿಕೊಂಡು, ಬೇಕಾದರೆ ಇನ್ನೊಮ್ಮೆ ಹೋಗಿ. ಖಾರ ಯುರೋಪಿನವರ ನಾಲಗೆಗೆ ತಕ್ಕಂತೆ ಕಮ್ಮಿ. ಬ್ಯಾಗಿನಲ್ಲಿ ಒಂದು ಸಣ್ಣ ಪೊಟ್ಟಣ ಮಿಡಿ ಉಪ್ಪಿನಕಾಯಿಯೋ ಚಟ್ನಿಪುಡಿಯೋ ಇದ್ದರೆ ಆ ಕೊರತೆ ನೀಗುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ಆಫೀಸಿನವರ ಹೊತ್ತು, ಅದನ್ನು ತಪ್ಪಿಸಿ ಹೋದರೆ ಕೂರಲು ಜಾಗ ಸಿಗುತ್ತದೆ. ಒಬ್ಬರೇ ಕೂತು ಉಣ್ಣುವವರನ್ನು ಯಾರೂ ಎಬ್ಬಿಸಲು ಬರುವುದಿಲ್ಲ. ಒಬ್ಬರೇ ತಿರುಗುವವರಿಗೆ ಅದು ದೊಡ್ಡ ಅನುಕೂಲ. ಈ ಊರಿನಲ್ಲಿ ದಿನಕ್ಕೊಂದು ಊಟ ಇಲ್ಲೇ ಮಾಡಿದರೂ ನಷ್ಟವಿಲ್ಲ. ಬೇರೆ ಕಡೆಯಾದರೆ ವಾರದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಹೋಟೆಲುಗಳ ಮಧ್ಯಾಹ್ನದ ಮೆನು ಅಗ್ಗ. 'ಬೆಜ್ ಮಸಾ' ಅಂದರೆ ಮಾಂಸವಿಲ್ಲದ್ದು. ಹುರಿದ ಚೀಸ್ ಬಹುತೇಕ ಎಲ್ಲೆಡೆ ಸಿಗುತ್ತದೆ.

ಹಾಸ್ಟೆಲ್ ಹಳೇ ಪಟ್ಟಣದೊಳಗೆ ಮಾಡಬೇಡಿ. ವಾರಾಂತ್ಯದಲ್ಲಿ ಕುಡಿದು ಕೂಗಾಡುವ ಗುಂಪುಗಳಿಗೆಂದೇ ಅಲ್ಲಿಯ ದರ ಏರಿರುತ್ತದೆ, ನಿದ್ದೆ ಅಂತೂ ಇಲ್ಲ. ಕಾರ್ಲಿನ್, ಹೊಲೆಶೊವಿತ್ಸೆ, ಜಿಜ್ಕೋವ್ ಕಡೆ ಮೆಟ್ರೋ ಅಥವಾ ಟ್ರಾಮ್ ಸ್ಟಾಪ್‌ಗೆ ಐದು ನಿಮಿಷದಲ್ಲಿ ನೋಡಿ. ಶನಿವಾರ ರಾತ್ರಿಯ ದರ ಸೋಮವಾರದ ಇಮ್ಮಡಿ ಆಗುವುದುಂಟು. ಕ್ಲಾಸ್ ಹೊಂದಿಸಿಕೊಳ್ಳಲು ಆದರೆ ಭಾನುವಾರದಿಂದ ಬುಧವಾರದವರೆಗೆ ಹೋಗಿ. ಬುಕಿಂಗ್ ಬೆಲೆಯ ಮೇಲೆ ಊರಿನ ತೆರಿಗೆ ರಾತ್ರಿಗೆ 50 ಕೊರುನಾ ಬೇರೆ. ಬೆಡ್‌ಶೀಟ್, ಟವೆಲ್‌ಗೆ ಕೆಲವೆಡೆ ಪ್ರತ್ಯೇಕ ದುಡ್ಡು. ಬೀಗ ನಿಮ್ಮದೇ ಒಯ್ಯಿರಿ, ಕೊಂಡಿ ತೆಳ್ಳಗಿರಲಿ. ದಪ್ಪ ಕೊಂಡಿಯ ಬೀಗ ಎಷ್ಟೋ ಲಾಕರ್‌ಗಳ ತೂತಿಗೆ ಹೋಗುವುದೇ ಇಲ್ಲ.

ಮೆಟ್ರೋದಲ್ಲಿ ಕಾಗದದ ಟಿಕೆಟ್ ಆದರೆ ಎಸ್ಕಲೇಟರ್ ಇಳಿಯುವ ಮುಂಚೆಯೇ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಬೇಕು. ಆ್ಯಪ್ ಟಿಕೆಟ್ ಒತ್ತಿದ ತಕ್ಷಣ ಚಾಲೂ ಆಗುವುದಿಲ್ಲ, ಆಗುವವರೆಗೆ ಹೊರಗೇ ನಿಲ್ಲಿ. ಸಾದಾ ಬಟ್ಟೆಯ ತಪಾಸಕರು ಎಸ್ಕಲೇಟರ್ ಕೆಳಗೇ ನಿಂತಿರುತ್ತಾರೆ.

ವಾಪಸ್ ಬರಲು ಡ್ರೆಸ್ಡೆನ್ ದಾರಿ ಚೆನ್ನ. ನೇರ ಇಸಿ ರೈಲು ಸುಮಾರು ಎರಡೂವರೆ ಗಂಟೆ. ಮುಂಚಿತವಾಗಿ ಕೊಂಡರೆ ಅಗ್ಗ, ಕೊನೇ ಗಳಿಗೆಯಲ್ಲಿ ದುಬಾರಿ. ಕೊಳ್ಳಲು ತಡವಾದರೆ ರೀಜನಲ್ ರೈಲಲ್ಲಿ ಗಡಿ ಹತ್ತಿರದ ದ್ಯೆಚೀನ್‌ಗೆ ಹೋಗಿ, ಅಲ್ಲಿಂದ ಗಡಿ ದಾಟುವ ಯು28 ರೈಲು ಹಿಡಿದು ಜರ್ಮನಿಯ ಬಾಡ್ ಶಾಂಡೌಗೆ ಬಂದು, ಡ್ರೆಸ್ಡೆನ್ ಕಡೆಯ ಎಸ್-ಬಾನ್ ಎಸ್1 ಹತ್ತಿ. ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವುದು ಗಡಿ ದಾಟಿದ ಮೇಲೆ ಮಾತ್ರ, ಅಲ್ಲಿಯವರೆಗಿನದನ್ನು ಕೊಳ್ಳಬೇಕು. ಯು28 ರೈಲುಗಳ ನಡುವಿನ ಅಂತರ ಹೆಚ್ಚು, ವೇಳಾಪಟ್ಟಿ ನೋಡಿಯೇ ಪ್ರಾಗ್ ಬಿಡಿ. ಅದೇ ಎಸ್1ರಲ್ಲಿ ಕೂರೊರ್ಟ್ ರಾಥನ್‌ನಲ್ಲಿ ಇಳಿದು, ದೋಣಿಯಲ್ಲಿ ಎಲ್ಬೆ ದಾಟಿ ಬಾಸ್ಟೈ ಕಲ್ಲುಸೇತುವೆ ಹತ್ತಬಹುದು. ಅಲ್ಲಿ ಟಿಕೆಟ್ಟಿಲ್ಲ, ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಜನವೂ ಇರುವುದಿಲ್ಲ.

ಡ್ರೆಸ್ಡೆನ್‌ನಿಂದ ಮ್ಯೂನಿಕ್‌ಗೆ ಆರ್‌ಇ3ರಲ್ಲಿ ಹೋಫ್‌ವರೆಗೆ, ಅಲ್ಲಿಂದ ಆರ್‌ಇ2ರಲ್ಲಿ ರೇಗನ್ಸ್‌ಬುರ್ಗ್ ಮೇಲೆ. ಒಟ್ಟು ಎಂಟು ಗಂಟೆ ಹತ್ತಿರ. ಹೋಫ್‌ನಲ್ಲಿ ಬದಲಾಯಿಸಲು ಆ್ಯಪ್ ಆರೇಳು ನಿಮಿಷದ ಜೋಡಣೆ ತೋರಿಸಿದರೂ ನಂಬದೆ, ಅದಕ್ಕಿಂತ ಮೊದಲಿನ ರೈಲಿಗೇ ಡ್ರೆಸ್ಡೆನ್ ಬಿಡಿ. ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಭಾನುವಾರವಾದರೆ ದಾರಿಯ ಊಟ ಶನಿವಾರವೇ ಕೊಂಡಿಡಿ, ದೊಡ್ಡ ನಿಲ್ದಾಣಗಳ ಒಳಗಿನ ಅಂಗಡಿ ಬಿಟ್ಟರೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮಧ್ಯಾಹ್ನ ಎರಡರ ನಂತರ ಹೊರಡುವ ಯೋಚನೆಯಿದ್ದರೆ ಆ ರಾತ್ರಿ ಡ್ರೆಸ್ಡೆನ್‌ನಲ್ಲೇ ಉಳಿದು ಸೋಮವಾರ ಬೆಳಿಗ್ಗೆ ಬನ್ನಿ.