ಇಷ್ಟೊಂದು ಕೇಸ್ ಇದೆ ಅಂದಮೇಲೆ ಮಾತ್ರೆ ಬಿಟ್ಟುಬಿಡಬೇಕಾ?

ಹೆಂಗಸರ ಆರೋಗ್ಯದ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು: "ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆ, ಇಂಜೆಕ್ಷನ್ ಮೇಲೆ ಸಾವಿರಾರು ಕೇಸ್ ಹಾಕಿದ್ದಾರಂತೆ. ಹಾಗಾದರೆ ಅದು ವಿಷಾನಾ? ನಾನು ಬಿಟ್ಟುಬಿಡಲಾ?"

ಬಿಡುವ ಮಾತನ್ನು ನಿಮ್ಮ ಡಾಕ್ಟರ್ ಜೊತೆ ಕೂತೇ ತೀರ್ಮಾನ ಮಾಡಬೇಕು. ಆ ಕೇಸ್‌ಗಳು ಏನು ಅಂತ ಮಾತ್ರ ನಾನು ಹೇಳಬಲ್ಲೆ. ಅವುಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು. ಅಪಾಯ ನಿಮಗೆ ಗೊತ್ತಿತ್ತಲ್ಲ, ನಮಗೆ ಯಾಕೆ ಸರಿಯಾಗಿ ಹೇಳಲಿಲ್ಲ?

ಈ ಜಗಳ ಮಾತ್ರೆಯಷ್ಟೇ ಹಳೆಯದು. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಮಾತ್ರೆ ಎನೋವಿಡ್. ಅದರಲ್ಲಿ 150 ಮೈಕ್ರೋಗ್ರಾಂ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇತ್ತು. ಈಗಿನ ಹೆಚ್ಚಿನ ಮಾತ್ರೆಗಳಲ್ಲಿ ಇರುವುದು 20ರಿಂದ 35. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಕಾಲಿನಲ್ಲಿ ಗಟ್ಟಿಯಾದ ರಕ್ತ ಹರಿದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. 1970ರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಇದರ ವಿಚಾರಣೆ ನಡೆಸಿದರು. ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಯಾಕೆ ಕರೆದಿಲ್ಲ ಅಂತ ಹೋರಾಟಗಾರ್ತಿ ಆಲಿಸ್ ವುಲ್ಫ್‌ಸನ್ ಮತ್ತು ಅವರ ಗೆಳತಿಯರು ಸಭೆಯ ನಡುವೆಯೇ ಎದ್ದು ಕೇಳಿದರು. ಮಾತ್ರೆಯ ಜೊತೆ ಎಚ್ಚರಿಕೆಯ ಚೀಟಿ ಬರಲು ಶುರುವಾಗಿದ್ದು ಆ ಗಲಾಟೆಯ ನಂತರ. ನಾನೂ ಬಹಳ ಕಾಲ ಆ ಚೀಟಿಯನ್ನು ಬಿಚ್ಚಿಯೇ ನೋಡಿರಲಿಲ್ಲ. ಅದರ ಹಿಂದಿನ ಕತೆ ಗೊತ್ತಾದ ಮೇಲೆ ಬಿಸಾಡಲು ಮನಸ್ಸು ಬರುವುದಿಲ್ಲ.

ಈಚಿನ ದೊಡ್ಡ ಕೇಸ್‌ಗಳು ಬೇಯರ್ ಕಂಪನಿಯ ಯಾಸ್ಮಿನ್ ಮತ್ತು ಯಾಜ್ ಮಾತ್ರೆಗಳದ್ದು. ಇವುಗಳಲ್ಲಿ ಡ್ರೋಸ್ಪೈರಿನೋನ್ ಅನ್ನುವ ಹಾರ್ಮೋನ್ ಇದೆ. ಯಾಜ್ ಜಾಹೀರಾತು ಲಾಭವನ್ನು ಹಿಗ್ಗಿಸಿ ಅಪಾಯವನ್ನು ಕುಗ್ಗಿಸುತ್ತಿದೆ ಅಂತ 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಮರುವರ್ಷ ಕಂಪನಿ ತಿದ್ದುಪಡಿ ಜಾಹೀರಾತನ್ನೇ ಹಾಕಬೇಕಾಯಿತು. ಮುಂದೆ ಸಾವಿರಾರು ಹೆಂಗಸರ ಕೇಸ್‌ಗಳನ್ನು ರಾಜಿ ಮಾಡಿಕೊಳ್ಳಲು ಸುಮಾರು 200 ಕೋಟಿ ಡಾಲರ್ ಕೊಟ್ಟಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಯೋನಿಯೊಳಗೆ ಇಡುವ ಗರ್ಭನಿರೋಧಕ ಉಂಗುರ ನುವಾರಿಂಗ್‌ನ ಕೇಸ್‌ಗಳಲ್ಲಿ ಮರ್ಕ್ ಕಂಪನಿ 2014ರಲ್ಲಿ 10 ಕೋಟಿ ಡಾಲರ್‌ಗೆ ರಾಜಿಯಾಯಿತು.

ಇಷ್ಟು ಓದಿ ಗಾಬರಿಯಾಗುವುದು ಸಹಜ. ಆದರೆ ಎಫ್‌ಡಿಎ 2012ರಲ್ಲಿ ಕೊಟ್ಟ ಲೆಕ್ಕವನ್ನೂ ನೋಡಿ. ಮಾತ್ರೆ ತಗೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಜನರಿಗೆ ಹೀಗೆ ರಕ್ತ ಹೆಪ್ಪುಗಟ್ಟುತ್ತದೆ. ಮಾತ್ರೆ ತಗೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ 5ರಿಂದ 20. ಬಾಣಂತಿಯರಲ್ಲಿ 40ರಿಂದ 65! ಡ್ರೋಸ್ಪೈರಿನೋನ್ ಇರುವ ಮಾತ್ರೆಗಳಲ್ಲಿ ಅಪಾಯ ಹಳೆಯ ಕೆಲವು ಮಾತ್ರೆಗಳಿಗಿಂತ ಮೂರು ಪಟ್ಟಿನವರೆಗೆ ಜಾಸ್ತಿ ಇರಬಹುದು ಅಂತ ಕೆಲವು ಅಧ್ಯಯನಗಳು ಹೇಳಿದವು, ಇನ್ನು ಕೆಲವು ಇಲ್ಲ ಎಂದವು. ಮೂರು ಪಟ್ಟು ಅನ್ನೋ ಮಾತು ಕಿವಿಗೆ ದೊಡ್ಡದಾಗಿ ಬೀಳುತ್ತದೆ. ಎಷ್ಟರ ಮೂರು ಪಟ್ಟು ಅಂತ ಯಾವಾಗಲೂ ಕೇಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಅಪಾಯ ಅತಿ ಹೆಚ್ಚು ಇರುವುದು ಮೊದಲ ವರ್ಷದಲ್ಲಿ. ನಾಲ್ಕು ವಾರಕ್ಕಿಂತ ಜಾಸ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಆಗಲೂ ಏರುತ್ತದೆ. ಸುದ್ದಿ ಓದಿ ಹೆದರಿ ಬಿಡುವುದು, ಎರಡು ತಿಂಗಳಾದ ಮೇಲೆ ಮತ್ತೆ ತಗೊಳ್ಳುವುದು, ಹೀಗೆ ಮಾಡಬೇಡಿ.

ಈಗ ಹೆಚ್ಚು ಕೇಳಿಬರುತ್ತಿರುವುದು ಡೆಪೋ ಪ್ರೊವೆರಾ ಇಂಜೆಕ್ಷನ್ ಹೆಸರು. ಮೂರು ತಿಂಗಳಿಗೊಮ್ಮೆ ಕೊಡುವ ಈ ಮದ್ದಿನಲ್ಲಿ ಈಸ್ಟ್ರೋಜನ್ ಇಲ್ಲ. ಇದರ ದೂರು ಬೇರೆ. ಮೂಳೆ ಸವೆಯುತ್ತದೆ ಅಂತ 2004ರಲ್ಲೇ ಗಟ್ಟಿ ಎಚ್ಚರಿಕೆ ಬಂದಿತ್ತು. 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು, ವರ್ಷಕ್ಕಿಂತ ಹೆಚ್ಚು ಕಾಲ ಇದನ್ನು ತಗೊಂಡವರಿಗೆ ಮೆನಿಂಜಿಯೋಮಾ ಅಪಾಯ ಐದು ಪಟ್ಟಿಗೂ ಜಾಸ್ತಿ ಎಂದು ತೋರಿಸಿತು. ಅದು ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗೆಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಅಪರೂಪ ಕೂಡ. ಆದರೆ ತಲೆಬುರುಡೆ ತೆಗೆದು ಆಪರೇಷನ್ ಮಾಡಿಸಿಕೊಳ್ಳಬೇಕಾದವಳಿಗೆ ಅಪರೂಪ ಅನ್ನೋ ಮಾತಿನಿಂದ ಏನು ಸಮಾಧಾನ? ಈ ಇಂಜೆಕ್ಷನ್ ತಯಾರಿಸುವ ಫೈಜರ್ ಕಂಪನಿಯ ಮೇಲಿನ ಕೇಸ್‌ಗಳನ್ನು 2025ರಲ್ಲಿ ಫ್ಲಾರಿಡಾದ ಒಂದು ಕೋರ್ಟಿಗೆ ಒಟ್ಟುಗೂಡಿಸಲಾಯಿತು. ಅದೇ ಅಧ್ಯಯನದಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಬಿಡುವ, ಗರ್ಭಕೋಶದೊಳಗೆ ಇಡುವ ಸಾಧನಕ್ಕೆ ಈ ಅಪಾಯ ಕಾಣಲಿಲ್ಲ. ಆದ್ದರಿಂದ "ಹಾರ್ಮೋನ್" ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಬಾರದು.

ಡಾಕ್ಟರ್ ಹತ್ತಿರ ಹೋದಾಗ ಇವನ್ನು ಕೇಳದಿದ್ದರೂ ಹೇಳಿ: 35 ದಾಟಿ ಸಿಗರೇಟ್ ಸೇದುತ್ತೀರಾ, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಶುರುವಾಗುತ್ತದಾ, ಬಿಪಿ ಇದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ. ಇವುಗಳಲ್ಲಿ ಒಂದಿದ್ದರೂ ಈಸ್ಟ್ರೋಜನ್ ಇರುವ ಮಾತ್ರೆ ನಿಮಗೆ ಬೇಡ ಅಂತ ಅವರು ಹೇಳಬಹುದು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ "ಏನಾದರೂ ಔಷಧಿ ತಗೊಳ್ತಿದ್ದೀರಾ" ಅಂತ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನ "ಇಲ್ಲ" ಅಂದುಬಿಡುತ್ತೇವೆ, ಯಾಕೆಂದರೆ ಈ ಮಾತ್ರೆಯನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ಅದರ ಹೆಸರನ್ನೇ ಮೊದಲು ಹೇಳಿ.