ಒಂದು ವಾರದ ಮಟ್ಟಿಗೆ ಒಂದು ನಾಯಿ

ಡಿಸೆಂಬರ್ ಬಂತೆಂದರೆ ಅಮೆರಿಕದ ಪುಸ್ತಕದಂಗಡಿಗಳಲ್ಲಿ ಮುಖಪುಟದ ಮೇಲೆ ಹಿಮವೂ ಕೆಂಪು ರಿಬ್ಬನ್ನೂ ನಾಯಿಮರಿಯೂ ಇರುವ ಕಾದಂಬರಿಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಹಬ್ಬದ ಜೊತೆಗೇ ಮರೆತುಹೋಗುವಂಥವು. ಕ್ಯಾನ್ಸಸ್‌ನ ವಕೀಲ ಗ್ರೆಗ್ ಕಿನ್‌ಕೇಡ್ 2008ರಲ್ಲಿ ಪ್ರಕಟಿಸಿದ ‘ಎ ಡಾಗ್ ನೇಮ್ಡ್ ಕ್ರಿಸ್ಮಸ್’ ನನ್ನ ನೆನಪಿನಲ್ಲಿ ಉಳಿದಿರುವುದು ಅದರಲ್ಲಿ ಬರುವ ಒಂದು ಕರಾರಿನಿಂದಾಗಿ.

ಜಾರ್ಜ್ ಮೆಕ್‌ಕ್ರೇ ಕ್ಯಾನ್ಸಸ್‌ನ ಹಳ್ಳಿಗಾಡಿನ ರೈತ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಕಿರಿಯ ಮಗ ಟಾಡ್‌ಗೆ ಇಪ್ಪತ್ತು ವರ್ಷವಾಗಿದ್ದರೂ ಬುದ್ಧಿಯ ಬೆಳವಣಿಗೆ ವಯಸ್ಸಿಗೆ ತಕ್ಕಷ್ಟಿಲ್ಲ. ಹಬ್ಬದ ದಿನಗಳಲ್ಲಾದರೂ ಒಂದೊಂದು ನಾಯಿಯನ್ನು ಮನೆಗೆ ಕರೆದೊಯ್ಯಿರಿ ಎಂದು ಊರಿನ ಪ್ರಾಣಿ ಆಶ್ರಯಕೇಂದ್ರ ಮಾಡಿಕೊಂಡ ಮನವಿಯನ್ನು ರೇಡಿಯೊದಲ್ಲಿ ಕೇಳಿದ ಟಾಡ್, ಅಪ್ಪನ ಬೆನ್ನು ಬೀಳುತ್ತಾನೆ. ಹಿಂದೆ ಸಾಕಿದ ನಾಯಿಗಳನ್ನು ಕಳೆದುಕೊಂಡ ನೋವು ಇನ್ನೂ ಆರದ ಜಾರ್ಜ್, ಹಬ್ಬ ಮುಗಿದ ಕೂಡಲೇ ಹಿಂದಿರುಗಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪುತ್ತಾನೆ. ಷರತ್ತು ಹಾಕಿದ್ದು ಮಗನಿಗಾಗಿ ಎಂದು ಅವನು ತನಗೆ ತಾನೇ ಹೇಳಿಕೊಂಡರೂ, ಕಥೆಯನ್ನು ನಿರೂಪಿಸುತ್ತಿರುವವನೂ ಅವನೇ ಆದ್ದರಿಂದ, ಆ ಷರತ್ತಿನ ಮರೆಯಲ್ಲಿ ಅಡಗಿ ಕೂತಿರುವವರು ಯಾರೆಂಬುದು ಓದುಗನಿಗೆ ಬೇಗನೆ ತಿಳಿದುಬಿಡುತ್ತದೆ. ಟಾಡ್‌ಗೆ ಮುಂದೇನು ಎಂಬ ಚಿಂತೆಯೇ ಇಲ್ಲ. ತನಗೊಂದು ನಾಯಿ ಸಿಕ್ಕರೆ ಸಾಲದು, ಕೇಂದ್ರದ ಎಲ್ಲ ನಾಯಿಗಳಿಗೂ ಹಬ್ಬಕ್ಕೊಂದು ಮನೆ ಸಿಗಬೇಕೆಂದು ಅವನು ಹೊರಡುತ್ತಾನೆ.

ಪ್ರಾಣಿದಯೆಯ ಮಾತು ಬಂದಾಗಲೆಲ್ಲ ನಾವು ಕೇಳುತ್ತ ಬಂದಿರುವ ಬುದ್ಧಿವಾದಕ್ಕೆ ಇದು ತದ್ವಿರುದ್ಧ. ‘ನಾಯಿಯೆಂದರೆ ಜೀವಮಾನದ ಜೊತೆ, ಬರಿಯ ಕ್ರಿಸ್ಮಸ್‌ನದಲ್ಲ’ ಎಂಬ ಅರ್ಥದ ಪ್ರಸಿದ್ಧ ಘೋಷವಾಕ್ಯವನ್ನು 1978ರಲ್ಲಿ ರಚಿಸಿದವರು, ಇಂದು ಡಾಗ್ಸ್ ಟ್ರಸ್ಟ್ ಎನಿಸಿಕೊಂಡಿರುವ ಬ್ರಿಟನ್ನಿನ ಸಂಸ್ಥೆಯ ಕ್ಲಾರಿಸಾ ಬಾಲ್ಡ್‌ವಿನ್. ಉಡುಗೊರೆಯಾಗಿ ಬಂದ ಮರಿ ಹಬ್ಬದ ಸಡಗರ ಇಳಿದ ಮೇಲೆ ಬೀದಿಪಾಲಾಗುವುದನ್ನು ಕಂಡವರಿಗೆ ಆ ಮಾತಿನ ತೂಕ ಗೊತ್ತು. ಆದರೆ ಕಾದಂಬರಿಯ ನಾಯಿ ಯಾರಿಗೋ ಕೊಟ್ಟ ಉಡುಗೊರೆಯಲ್ಲ. ಅದು ಈಗಾಗಲೇ ಸಿಮೆಂಟು ನೆಲದ ಗೂಡಿನಲ್ಲಿದೆ, ಮತ್ತೆ ಅಲ್ಲಿಗೇ ಹೋಗಬೇಕಾಗಿದೆ.

ಮನೆಯ ರುಚಿ ತೋರಿಸಿ ಮತ್ತೆ ಗೂಡಿಗೆ ತಳ್ಳುವುದು ಕ್ರೌರ್ಯವಲ್ಲವೇ ಎಂಬ ಪ್ರಶ್ನೆ ಓದುವಾಗ ನನ್ನನ್ನು ಕಾಡಿತ್ತು. ಲೀಸಾ ಗಂಟರ್ ಮತ್ತು ಸಂಗಡಿಗರು ಅಮೆರಿಕದ 5 ಆಶ್ರಯಕೇಂದ್ರಗಳ 207 ನಾಯಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿಕೊಂಡಿತ್ತು. ಒಂದೆರಡು ರಾತ್ರಿ ಮನೆಯಲ್ಲಿ ಕಳೆದ ನಾಯಿಗಳ ಮೂತ್ರದಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಕೇಂದ್ರಕ್ಕೆ ಮರಳಿದ ಮೇಲೆ ಅದು ಮೊದಲಿದ್ದ ಮಟ್ಟಕ್ಕೆ ಬಂತೇ ಹೊರತು ಅದನ್ನು ಮೀರಲಿಲ್ಲ. ಬಿಡುವು ಸಿಕ್ಕಷ್ಟೂ ಲಾಭವೇ ಎಂದಾಯಿತು. (ಸಾಹಿತ್ಯ ವಿಮರ್ಶೆಯಲ್ಲಿ ನಾಯಿಯ ಮೂತ್ರದ ಪ್ರಸ್ತಾಪಕ್ಕೆ ಓದುಗರ ಕ್ಷಮೆಯಿರಲಿ.)

ಕಿನ್‌ಕೇಡ್ ದೊಡ್ಡ ಶೈಲಿಕಾರರೇನಲ್ಲ. ಕಣ್ಣೀರು ಎಲ್ಲಿ ಬರಬೇಕೆಂದು ಮೊದಲೇ ಗುರುತು ಹಾಕಿಟ್ಟಂತಿರುವ ಪುಟಗಳಿವೆ; ಊರಿನ ಜನ ಇರಬೇಕಾದುದಕ್ಕಿಂತ ಹೆಚ್ಚು ಒಳ್ಳೆಯವರು. ಆದರೂ ಮಗನ ಸರಳತೆಯನ್ನು ಅವರು ಪವಾಡವಾಗಿಸುವುದಿಲ್ಲ. ಟಾಡ್ ಹಟಮಾರಿ, ಕೆಲವೊಮ್ಮೆ ತಲೆನೋವು. ಅವನನ್ನು ಕಾಪಾಡುವ ನೆಪದಲ್ಲಿ ಅಪ್ಪ ಅವನ ಶಕ್ತಿಯನ್ನು ಕಡಿಮೆ ಅಂದಾಜಿಸಿದ್ದು ನಿಧಾನವಾಗಿ ಬಯಲಾಗುವ ಬಗೆ ಪುಸ್ತಕದ ಅತ್ಯುತ್ತಮ ಭಾಗ. 2009ರಲ್ಲಿ ಹಾಲ್‌ಮಾರ್ಕ್ ಇದನ್ನು ಟಿವಿ ಚಿತ್ರವಾಗಿಸಿತು. ಅದರ ಜೊತೆಯಲ್ಲೇ ಪೆಟ್‌ಫೈಂಡರ್ ಸಂಸ್ಥೆ, ಹಬ್ಬದ ದಿನಗಳಿಗೆ ಆಶ್ರಯಕೇಂದ್ರದ ಪ್ರಾಣಿಗಳನ್ನು ಮನೆಗೆ ಕರೆತರುವ ಅಭಿಯಾನವನ್ನು ನಿಜವಾಗಿಯೇ ನಡೆಸಿತು.

ಜಾರ್ಜ್‌ನ ಬಾಲ್ಯದ ನಾಯಿಯ ಕಥೆಯನ್ನು ಲೇಖಕರು 2010ರ ‘ಕ್ರಿಸ್ಮಸ್ ವಿತ್ ಟಕರ್’ನಲ್ಲಿ ಪ್ರತ್ಯೇಕವಾಗಿ ಹೇಳಿದ್ದಾರೆ. ಕಾಲಾನುಕ್ರಮದಲ್ಲಿ ಅದು ಮೊದಲಿನದಾದರೂ ಅಲ್ಲಿಂದ ಆರಂಭಿಸಬೇಡಿ ಎನ್ನುತ್ತೇನೆ. ಅದನ್ನು ಮೊದಲು ಓದಿದವರಿಗೆ ಜಾರ್ಜ್ ಏಕೆ ಹಿಂದೇಟು ಹಾಕುತ್ತಾನೆಂಬುದು ಮುಂಚೆಯೇ ಗೊತ್ತಿರುತ್ತದೆ, ಮಗನ ಎದುರು ಅವನು ಕೊಡುವ ಒಂದೊಂದು ಕುಂಟುನೆಪವನ್ನೂ ಅನುಮಾನಿಸುತ್ತ ಓದುವ ಸುಖ ತಪ್ಪಿಹೋಗುತ್ತದೆ.